ವಾಸನೆಯ ನರಕೋಶಗಳ ಎನ್‌ಹ್ಯಾನ್ಸರ್‌ಗಳು ಎರಡು ಪ್ರಭೇದಗಳಲ್ಲಿ ತಾಳೆಯಾಗುತ್ತಲೇ ಇಲ್ಲ: ವಿಕಾಸವೋ, ಲೆಕ್ಕದ ಎಡವಟ್ಟೋ?

ಕೋಡುಗಾರ:
ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ಕಡೆಯವನು, ಈಗ ಜೀವಶಾಸ್ತ್ರದ ಲ್ಯಾಬ್ ಒಂದರಲ್ಲಿ ಡೇಟಾ ನೋಡಿಕೊಳ್ಳುತ್ತಿದ್ದೇನೆ. ಪ್ರಶ್ನೆ ಬಾಲಿಶ ಅನ್ನಿಸಿದರೆ ಬೈದಾದರೂ ಉತ್ತರ ಕೊಡಿ, ಓದಿ ಸುಮ್ಮನೆ ಹೋಗಬೇಡಿ.

ನಮ್ಮ ಹತ್ತಿರ ಮೌಸ್ ಮತ್ತು ರ‍್ಯಾಟ್ ಮೂಗಿನ ಒಳಪದರದಿಂದ ಬೇರ್ಪಡಿಸಿದ ವಾಸನೆಯ ನರಕೋಶಗಳ ಡೇಟಾ ಇದೆ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಯಲು ಆರ್‌ಎನ್‌ಎ-ಸೀಕ್, ಡಿಎನ್‌ಎ ಎಲ್ಲೆಲ್ಲಿ ತೆರೆದುಕೊಂಡಿದೆ ಅಂತ ತಿಳಿಯಲು ಅಟ್ಯಾಕ್-ಸೀಕ್. ವಾಸನೆ ಗ್ರಾಹಕ (ವಾಸನೆ ಹಿಡಿಯುವ ಪ್ರೋಟೀನ್) ಜೀನ್‌ಗಳನ್ನು ಬದಿಗಿಟ್ಟು ನೋಡಿದರೆ ಉಳಿದ ಜೀನ್‌ಗಳ ಮಟ್ಟ ಎರಡರಲ್ಲೂ ಚೆನ್ನಾಗಿಯೇ ತಾಳೆಯಾಗುತ್ತದೆ. ಆದರೆ ಮೌಸ್‌ನಲ್ಲಿ ಸಿಕ್ಕ ತೆರೆದ ಜಾಗಗಳನ್ನು, ಅಂದರೆ ಪೀಕ್‌ಗಳನ್ನು, ರ‍್ಯಾಟ್ ಜಿನೋಮಿಗೆ ಲಿಫ್ಟ್‌ಓವರ್ ಮಾಡಿದರೆ, ಅಂದರೆ ಅಲ್ಲಿನ ಸಮಾನ ಜಾಗ ಹುಡುಕಿದರೆ, ಬಹಳಷ್ಟಕ್ಕೆ ಅಲ್ಲಿ ಜಾಗವೇ ಸಿಗುವುದಿಲ್ಲ. ಜಾಗ ಸಿಕ್ಕ ಕಡೆಯೂ ಎಷ್ಟೋ ಸಲ ಬಾಗಿಲು ಮುಚ್ಚಿದೆ.

ಗೈಡ್ ಹೇಳುವುದು: "ನಿಯಂತ್ರಣ ಭಾಗಗಳ ಕ್ಷಿಪ್ರ ವಿಕಾಸ, ಬರೆದುಬಿಡು." ನನಗೆ ಧೈರ್ಯ ಸಾಲುತ್ತಿಲ್ಲ. ಎನ್‌ಹ್ಯಾನ್ಸರ್‌ಗಳೆಲ್ಲ, ಅಂದರೆ ಜೀನ್‌ಗಳನ್ನು ಎಬ್ಬಿಸುವ ಡಿಎನ್‌ಎ ಸ್ವಿಚ್ಚುಗಳೆಲ್ಲ, ಬದಲಾಗಿದ್ದರೆ ಜೀನ್‌ಗಳು ಮಾತ್ರ ಏನೂ ಆಗದವರ ಹಾಗೆ ಹೇಗೆ ನಡೆಯುತ್ತಿವೆ?

ಪೈಪ್‌ಲೈನ್‌ಪ್ರಿಯ:
ಲಿಫ್ಟ್‌ಓವರ್‌ನಲ್ಲಿ ಮಿನ್‌ಮ್ಯಾಚ್ (ಕನಿಷ್ಠ ಎಷ್ಟು ಪಾಲು ಅಕ್ಷರ ಹೊಂದಬೇಕು ಅನ್ನೋ ಮಿತಿ) ಎಷ್ಟು? ಮುಟ್ಟದೆ ಬಿಟ್ಟರೆ 0.95 ಇರತ್ತೆ. ಅದು ಒಂದೇ ಪ್ರಭೇದದ ಹಳೇ ಆವೃತ್ತಿಯಿಂದ ಹೊಸದಕ್ಕೆ ಹೋಗೋಕೆ. ಪ್ರಭೇದ ದಾಟುವಾಗ 0.1 ಇಡಬೇಕು.

ಕೋಡುಗಾರ:
0.1ರಲ್ಲೇ ಓಡಿಸಿದ್ದು. ಆಮೇಲೆ ರ‍್ಯಾಟ್‌ನಿಂದ ವಾಪಸ್ ಮೌಸ್‌ಗೆ ತಂದು, ಹೊರಟ ಜಾಗಕ್ಕೇ ಮರಳಿದವನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಅಡ್ಡಪ್ರಶ್ನೆ:
ಗೈಡ್ ಹೇಳಿದ್ದೇ ಸರಿ ಇರಬಹುದಲ್ಲ? ಎಲ್ಲದಕ್ಕೂ ಅನುಮಾನ ಪಡ್ತಾ ಕೂತರೆ ಪೇಪರ್ ಬರೆಯೋದು ಯಾವಾಗ?

ಹುಳದ ಮೇಷ್ಟ್ರು:
ಕೋಡುಗಾರರೇ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಎನ್‌ಹ್ಯಾನ್ಸರ್‌ನ ಡಿಎನ್‌ಎ ಅಕ್ಷರಗಳು ಬದಲಾಗಿ ಕೆಲಸ ಮಾತ್ರ ಹಾಗೇ ಉಳಿಯುವುದು ಹಳೇ ಸಮಾಚಾರ. ಹಣ್ಣಿನ ನೊಣದ ಭ್ರೂಣದಲ್ಲಿ ಈವನ್-ಸ್ಕಿಪ್ಡ್ ಅನ್ನುವ ಜೀನ್ ಪಟ್ಟೆಪಟ್ಟೆಯಾಗಿ ಕಾಣಿಸಿಕೊಳ್ಳುತ್ತದೆ. ಅದರ ಎರಡನೇ ಪಟ್ಟೆಗೆಂದೇ ಒಂದು ಎನ್‌ಹ್ಯಾನ್ಸರ್ ಇದೆ. ಎರಡು ನೊಣ ಪ್ರಭೇದಗಳ ಎನ್‌ಹ್ಯಾನ್ಸರ್‌ಗಳನ್ನು ಕ್ರೈಟ್‌ಮನ್ ತಂಡ 2000ದಲ್ಲಿ ಹೋಲಿಸಿ ನೋಡಿತು. ಪ್ರೋಟೀನ್ ಕೂರುವ ತಾಣಗಳಲ್ಲಿ ಕೆಲವು ಹೋಗಿವೆ, ಕೆಲವು ಹೊಸದಾಗಿ ಬಂದಿವೆ. ಆದರೂ ಯಾವುದೇ ಪ್ರಭೇದದ್ದನ್ನು ಪೂರ್ತಿಯಾಗಿ ಹಾಕಿದರೆ ಪಟ್ಟೆ ಸರಿಯಾಗಿ ಬರುತ್ತದೆ. ಇದರ ಅರ್ಧ ಅದರ ಅರ್ಧ ಜೋಡಿಸಿದರೆ ಪಟ್ಟೆ ಕೆಡುತ್ತದೆ! ಅಂದರೆ ಒಂದು ಕಡೆ ಆದ ನಷ್ಟವನ್ನು ಅದೇ ಎನ್‌ಹ್ಯಾನ್ಸರ್‌ನ ಇನ್ನೊಂದು ಕಡೆ ತುಂಬಿಕೊಂಡಿದೆ. ಪಟ್ಟೆಯನ್ನು ಹಾಗೇ ಉಳಿಸಿಕೊಳ್ಳುವ ಆಯ್ಕೆಯ ಒತ್ತಡದ ಒಳಗೇ ಅಕ್ಷರಗಳು ಓಡಾಡಿಕೊಂಡಿವೆ.

2006ರಲ್ಲಿ ಇನ್ನೊಂದು ಪ್ರಯೋಗ ಬಂತು. ಮನುಷ್ಯರ ಆರ್‌ಇಟಿ ಜೀನಿನ ಆಸುಪಾಸಿನ ತುಣುಕುಗಳನ್ನು ಜೀಬ್ರಾಮೀನಿಗೆ ಹಾಕಿದರು. ಮೀನಿನ ಜಿನೋಮಿನಲ್ಲಿ ಅವಕ್ಕೆ ಹೋಲುವ ಅಕ್ಷರಗಳ ಸಾಲೇ ಇಲ್ಲ. ಆದರೂ ಮೀನಿನ ಆರ್‌ಇಟಿ ಎಲ್ಲಿ ಕಾಣಬೇಕೋ ಅಲ್ಲೇ ಆ ತುಣುಕುಗಳೂ ಕೆಲಸ ಮಾಡಿದವು. 2010ರಲ್ಲಿ ಯಕೃತ್ತಿನ ಎರಡು ಮುಖ್ಯ ನಿಯಂತ್ರಕ ಪ್ರೋಟೀನ್‌ಗಳನ್ನು ಐದು ಕಶೇರುಕಗಳಲ್ಲಿ ನೋಡಿದಾಗ, ಅವು ಕೂರುವ ಜಾಗಗಳಲ್ಲಿ ಬಹುಪಾಲು ಆಯಾ ಪ್ರಭೇದಕ್ಕೇ ಸೀಮಿತವಾಗಿದ್ದವು. ಎಲ್ಲದರ ಯಕೃತ್ತೂ ಯಕೃತ್ತಾಗಿಯೇ ಇತ್ತು.

ಹಾಗಾಗಿ ನಿಮಗೆ ಸಿಕ್ಕಿದ್ದು ಹೊಸ ಸುದ್ದಿಯೂ ಅಲ್ಲ, ಪೂರ್ತಿ ಸುಳ್ಳೂ ಆಗಬೇಕಿಲ್ಲ. 'ಕ್ಷಿಪ್ರ ವಿಕಾಸ' ಅಂತ ಬರೆದರೆ ಓದಿದವರು "ಯಾವುದರದ್ದು? ಸಾಲಿನದ್ದೋ, ಕೆಲಸದ್ದೋ?" ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಇಟ್ಟುಕೊಂಡು ಬರೆಯಿರಿ.

ಅಡ್ಡಪ್ರಶ್ನೆ:
ಮೇಷ್ಟ್ರೇ, ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು. ಸಾಲು ಉಳಿದರೆ ಮುಖ್ಯ ಅಂತೀರಿ, ಉಳಿಯದಿದ್ದರೂ ಕೆಲಸ ಉಳಿದಿರಬಹುದು ಅಂತೀರಿ. ಹಾಗಾದರೆ ಸಾಲು ಹೋಲಿಸೋದಾದರೂ ಯಾಕೆ?

ಹುಳದ ಮೇಷ್ಟ್ರು:
ಸಾಲು ಉಳಿದಿದ್ದರೆ ಅದೊಂದು ಬಲವಾದ ಸುಳಿವು. ಉಳಿಯದಿದ್ದರೆ ಸುಳಿವು ಸಿಗಲಿಲ್ಲ ಅಂತ ಅಷ್ಟೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೂಗುದಾರ:
ಮೇಷ್ಟ್ರ ಮಾತಿಗೆ ಉದಾಹರಣೆ ಮೂಗಿನಲ್ಲೇ ಇದೆ. ವಾಸನೆ ಗ್ರಾಹಕಗಳ ಮೊದಲ ಪ್ರಸಿದ್ಧ ಎನ್‌ಹ್ಯಾನ್ಸರ್ 'ಎಚ್' ಸಿಕ್ಕಿದ್ದೇ ಮೌಸ್ ಮತ್ತು ಮನುಷ್ಯರ ಸಾಲು ಹೋಲಿಸಿ, 2003ರಲ್ಲಿ.

ಆದರೆ ಕೋಡುಗಾರರೇ, ನಿಮ್ಮ ಡೇಟಾದಲ್ಲಿ ಅದಕ್ಕಿಂತ ಮೂಲಭೂತ ತೊಂದರೆ ಇದೆ ಅನ್ನಿಸುತ್ತೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮೌಸ್‌ನಲ್ಲಿ ಕೆಲಸ ಮಾಡುವ ವಾಸನೆ ಗ್ರಾಹಕ ಜೀನ್‌ಗಳು ಸುಮಾರು 1,100. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಈ ಕುಟುಂಬವನ್ನು ಪತ್ತೆ ಮಾಡಿದರು, 2004ರಲ್ಲಿ ನೊಬೆಲ್ ಬಂತು. ಬೆಳೆದ ಒಂದು ನರಕೋಶ ಇಷ್ಟರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಅದರಲ್ಲೂ ಅಪ್ಪನಿಂದ ಬಂದ ಪ್ರತಿಯನ್ನೋ ಅಮ್ಮನಿಂದ ಬಂದ ಪ್ರತಿಯನ್ನೋ, ಒಂದನ್ನೇ. ಉಳಿದವೆಲ್ಲ ಬಿಗಿಯಾಗಿ ಮುಚ್ಚಿದ ಕ್ರೊಮ್ಯಾಟಿನ್‌ನಲ್ಲಿ (ಪ್ರೋಟೀನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ) ಕೂತಿರುತ್ತವೆ. ಈಗ ಲಕ್ಷಾಂತರ ಕೋಶಗಳನ್ನು ಒಟ್ಟಿಗೆ ಅರೆದು ಅಟ್ಯಾಕ್-ಸೀಕ್ ಮಾಡಿದರೆ ಏನಾಗುತ್ತದೆ? ಒಂದು ಗ್ರಾಹಕದ ಪ್ರೊಮೋಟರ್ (ಜೀನ್ ಶುರುವಾಗುವ ಕಡೆಯ ಸ್ವಿಚ್ಚು) ಸಾವಿರ ಕೋಶಗಳಲ್ಲಿ ಒಂದರಲ್ಲಿ ಮಾತ್ರ ತೆರೆದಿದೆ. ಉಳಿದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಮುಚ್ಚಿದೆ. ನಿಮ್ಮ ಪೀಕ್ ಹುಡುಕುವ ಪ್ರೋಗ್ರಾಮಿಗೆ ಅದು ಗದ್ದಲದ ಮಟ್ಟ ದಾಟಿ ಕಾಣುವುದೇ ಇಲ್ಲ. ಅಲ್ಲಿ 'ಪೀಕ್ ಇಲ್ಲ' ಅಂದರೆ 'ಕೆಲಸ ಇಲ್ಲ' ಅಂತ ಅರ್ಥ ಮಾಡಬೇಡಿ.

ಕಾಣುವುದು ಯಾವುದು ಅಂದರೆ 'ಗ್ರೀಕ್ ದ್ವೀಪಗಳು'. ಮುಚ್ಚಿದ ಕ್ರೊಮ್ಯಾಟಿನ್ ಸಮುದ್ರದ ನಡುವೆ ತೆರೆದ ಪುಟ್ಟ ಪುಟ್ಟ ಎನ್‌ಹ್ಯಾನ್ಸರ್‌ಗಳು, ಮೌಸ್‌ನಲ್ಲಿ 63. ಲೊಮ್ವಾರ್ಡಸ್ ಲ್ಯಾಬ್‌ನವರು ರೋಡ್ಸ್, ಲಿಪ್ಸಿ ಅಂತ ನಿಜವಾದ ದ್ವೀಪಗಳ ಹೆಸರನ್ನೇ ಇಟ್ಟಿದ್ದಾರೆ. ಇವುಗಳಲ್ಲಿ ಎಲ್‌ಎಚ್‌ಎಕ್ಸ್2 ಮತ್ತು ಇಬಿಎಫ್ ಅನ್ನುವ ಎರಡು ಪ್ರೋಟೀನ್‌ಗಳ ತಾಣಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ, ನಿರ್ದಿಷ್ಟ ಅಂತರದಲ್ಲಿ ಇರುತ್ತವೆ. ಬೇರೆ ಬೇರೆ ಕ್ರೋಮೋಸೋಮಿನ ದ್ವೀಪಗಳು ನ್ಯೂಕ್ಲಿಯಸ್ಸಿನಲ್ಲಿ ಒಟ್ಟು ಸೇರಿ ಆರಿಸಿದ ಒಂದು ಗ್ರಾಹಕ ಜೀನಿನ ಸುತ್ತ ಗುಂಪುಗೂಡುತ್ತವೆ, ಎಲ್‌ಡಿಬಿ1 ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದು 2019ರ ಕೆಲಸ.

ಇನ್ನೊಂದು. ಗ್ರಾಹಕ ಜೀನ್‌ಗಳು ಗೊಂಚಲು ಗೊಂಚಲಾಗಿ ನಕಲಾಗಿ ಬೆಳೆದವು. ಮೌಸ್‌ನ ಒಂದಕ್ಕೆ ರ‍್ಯಾಟ್‌ನಲ್ಲಿ ಮೂರು ಇರಬಹುದು, ಒಂದೂ ಇಲ್ಲದೆ ಇರಬಹುದು. ಅಂಥ ಕಡೆ ಲಿಫ್ಟ್‌ಓವರ್ ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಪಾಪ? ಮೊದಲು ಈ ಗೊಂಚಲುಗಳನ್ನು ಲೆಕ್ಕದಿಂದ ಬೇರೆ ಇಡಿ.

ಸುಮ್ನೆ_ಓದುವವಳು:
ನಾನು ಈ ಕ್ಷೇತ್ರದವಳಲ್ಲ. ಮೌಸ್‌ಗೆ 1,100 ಅಂದ್ರೆ ಮನುಷ್ಯರಿಗೆ ಎಷ್ಟು?

ಮೂಗುದಾರ:
ಕೆಲಸ ಮಾಡುವವು ಸುಮಾರು 400. ಅಷ್ಟೇ ಪ್ರಮಾಣದಲ್ಲಿ ಕೆಟ್ಟುಹೋದ ಪ್ರತಿಗಳೂ ಜಿನೋಮಿನಲ್ಲಿ ಬಿದ್ದಿವೆ. ಆಫ್ರಿಕದ ಆನೆಗೆ ಸುಮಾರು 2,000 ಅಂತ 2014ರಲ್ಲಿ ಎಣಿಸಿದ್ದಾರೆ.

ಸುಮ್ನೆ_ಓದುವವಳು:
ಅಷ್ಟುದ್ದ ಮೂಗು ಸುಮ್ಮನೆ ಅಲ್ಲ ಹಾಗಾದರೆ 😀

ಕಣ್ಣಪ್ಪ:
ಎಣಿಕೆ ಜಾಸ್ತಿ ಅಂದ ಮಾತ್ರಕ್ಕೆ ಮೂಗು ಚುರುಕು ಅಂತ ಹೇಳೋಕಾಗಲ್ಲ. ಬಗೆಬಗೆ ವಾಸನೆ ಬೇರ್ಪಡಿಸೋದು ಬೇರೆ, ಎಷ್ಟು ಕಡಿಮೆ ಇದ್ದರೂ ಹಿಡಿಯೋದು ಬೇರೆ.

ಅದಿರಲಿ, ಮೂಗುದಾರರು ಮುಚ್ಚಿದ ಕ್ರೊಮ್ಯಾಟಿನ್ ಅಂದಿದ್ದಕ್ಕೆ ಹೇಳ್ತೀನಿ. ಇಂದ್ರಿಯ ನರಕೋಶಗಳ ನ್ಯೂಕ್ಲಿಯಸ್ಸೇ ವಿಚಿತ್ರ. ಸಾಮಾನ್ಯ ಕೋಶದಲ್ಲಿ ಬಿಗಿಯಾದ ಡಿಎನ್‌ಎ ಅಂಚಿನಲ್ಲಿ, ಸಡಿಲವಾದದ್ದು ಒಳಗೆ. ರಾತ್ರಿ ಓಡಾಡುವ ಸಸ್ತನಿಗಳ ಕಣ್ಣಿನ ರಾಡ್ ಕೋಶದಲ್ಲಿ ಅದು ತಲೆಕೆಳಗು: ಬಿಗಿಯಾದದ್ದೆಲ್ಲ ನಡುವೆ ಒಂದೇ ಉಂಡೆ, ಸಡಿಲವಾದದ್ದು ಸುತ್ತ. ಸೊಲೊವೆಯ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದ್ದು. ಆ ಉಂಡೆ ಬೆಳಕನ್ನು ಚದುರಿಸದೆ ಮುಂದಕ್ಕೆ ದಾಟಿಸುತ್ತೆ. ಹಗಲು ಓಡಾಡುವವುಗಳ ರಾಡ್‌ನಲ್ಲಿ ಹೀಗಿಲ್ಲ. ವಾಸನೆಯ ನರಕೋಶದಲ್ಲೂ ಲ್ಯಾಮಿನ್ ಬಿ ರಿಸೆಪ್ಟರ್ ಅನ್ನೋ ಪ್ರೋಟೀನ್ ಇಲ್ಲದೆ ಗ್ರಾಹಕ ಜೀನ್‌ಗಳು ಒಟ್ಟಿಗೆ ಉಂಡೆ ಕಟ್ಟಿಕೊಳ್ಳುತ್ತವೆ. 2012ರಲ್ಲಿ ಅದನ್ನು ಬಲವಂತವಾಗಿ ತಯಾರಾಗುವಂತೆ ಮಾಡಿ ನೋಡಿದರು, ಉಂಡೆ ಬಿಚ್ಚಿಕೊಂಡಿತು, ಒಂದು ಕೋಶಕ್ಕೆ ಒಂದೇ ಗ್ರಾಹಕ ಅನ್ನೋ ಶಿಸ್ತೂ ಹದಗೆಟ್ಟಿತು.

ಅಂದರೆ ಬರೀ ಅಕ್ಷರದ ಸಾಲು ನೋಡಿ ಊಹಿಸೋ ಲೆಕ್ಕಗಳಿಗೆ ಈ ಕೋಶಗಳು ಸುಲಭಕ್ಕೆ ಬಗ್ಗಲ್ಲ.

ಡೀಪ್‌ದಾಸ:
ಇಷ್ಟೆಲ್ಲಾ ಯಾಕೆ ಗುರು. ಮೌಸ್ ಡೇಟಾದ ಮೇಲೆ ಒಂದು ನ್ಯೂರಲ್ ನೆಟ್‌ವರ್ಕ್ ಟ್ರೇನ್ ಮಾಡಿ, ರ‍್ಯಾಟ್ ಸಾಲು ಕೊಟ್ಟು ಎಲ್ಲಿ ತೆರೆಯುತ್ತೆ ಅಂತ ಕೇಳಿ. ಜೋಡಣೆಯ ತಲೆನೋವೇ ಇಲ್ಲ. 2021ರ ಎನ್‌ಫಾರ್ಮರ್ ಸುಮಾರು 2 ಲಕ್ಷ ಅಕ್ಷರ ಒಟ್ಟಿಗೆ ನೋಡ್ತಿತ್ತು. 2025ರಲ್ಲಿ ಬಂದ ಆಲ್ಫಾಜಿನೋಮ್ 10 ಲಕ್ಷ ನೋಡತ್ತೆ. ಮೋಟಿಫ್, ಅಂದರೆ ಪ್ರೋಟೀನ್ ಕೂರೋ ಪುಟ್ಟ ಅಕ್ಷರ ಮಾದರಿ, ಹುಡುಕೋ ಕಾಲ ಮುಗೀತು.

ಲೆಕ್ಕಿಗ:
ಡೀಪ್‌ದಾಸರೇ, ಮಾಡೆಲ್ ಬೇಡ ಅಂತ ನಾನು ಹೇಳಲ್ಲ. ಅದು ಯಾಕೆ ಬೇಕು ಅನ್ನೋದಕ್ಕೆ ಲೆಕ್ಕವೂ ಇದೆ. ಎಂಟು ಅಕ್ಷರದ ಒಂದು ಮೋಟಿಫ್ ತಗೊಳ್ಳಿ. ನಾಲ್ಕು ಅಕ್ಷರಗಳೂ ಸಮವಾಗಿ ಬರುತ್ತವೆ ಅಂತಿಟ್ಟುಕೊಂಡರೆ ಅದು ಪ್ರತಿ 65,536 ಅಕ್ಷರಕ್ಕೊಮ್ಮೆ ಸುಮ್ಮನೆ ಬರುತ್ತೆ. ಮೌಸ್ ಜಿನೋಮ್ ಸುಮಾರು 270 ಕೋಟಿ ಅಕ್ಷರ. ಒಂದು ಎಳೆಯಲ್ಲೇ 41 ಸಾವಿರದಷ್ಟು, ಎರಡೂ ಎಳೆ ಸೇರಿದರೆ 82 ಸಾವಿರ. ಇದು ಒಂದಕ್ಷರವೂ ತಪ್ಪದ ಮೋಟಿಫ್‌ನ ಕಥೆ. ನಿಜವಾದ ಪ್ರೋಟೀನ್‌ಗಳು ಒಂದೆರಡು ಅಕ್ಷರ ಆಚೀಚೆ ಆದರೂ ಕೂರುತ್ತವೆ, ಆಗ ಸಂಖ್ಯೆ ಕೈಗೆ ಸಿಗಲ್ಲ. ಬರೀ ಮೋಟಿಫ್ ನೋಡಿ ಗುರುತಿಸಿದ ತಾಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೆಲಸಕ್ಕೆ ಬಾರದವು ಅಂತ ವಾಸರ್‌ಮನ್ ಮತ್ತು ಸ್ಯಾಂಡಲಿನ್ 2004ರಲ್ಲೇ ಬರೆದರು. ಹಾಗಾಗಿ ಮೋಟಿಫ್‌ನ ಆಚೆಗಿನ ಸಂದರ್ಭ ಓದೋ ಮಾಡೆಲ್ ಬೇಕೇ ಬೇಕು.

ನನ್ನ ತಕರಾರು ಪರೀಕ್ಷೆಯ ಬಗ್ಗೆ. ಕೆಲವು ಕ್ರೋಮೋಸೋಮ್ ಬದಿಗಿಟ್ಟು ಟ್ರೇನ್ ಮಾಡಿ, ಬದಿಗಿಟ್ಟವುಗಳ ಮೇಲೆ ಪರೀಕ್ಷಿಸೋದು ವಾಡಿಕೆ. ಗ್ರಾಹಕ ಜೀನ್‌ಗಳ ನಕಲುಗಳು ಎಷ್ಟೋ ಕ್ರೋಮೋಸೋಮ್‌ಗಳಲ್ಲಿ ಹರಡಿವೆ. ಪ್ರಶ್ನೆಪತ್ರಿಕೆ ಆಗಲೇ ಹೊರಬಿದ್ದಿದೆ. ಒಳ್ಳೆ ಅಂಕ ಬರುತ್ತೆ, ಕಲಿತದ್ದೇನು ಗೊತ್ತಾಗಲ್ಲ.

ಡೀಪ್‌ದಾಸ:
ಹೋಲುವ ಸಾಲುಗಳನ್ನು ಗುಂಪು ಮಾಡಿ, ಇಡೀ ಗುಂಪನ್ನೇ ಒಂದು ಕಡೆ ಇಟ್ಟರಾಯ್ತು. ಎಲ್ಲರೂ ಮಾಡ್ತಾರೆ.

ಲೆಕ್ಕಿಗ:
ಎಲ್ಲರೂ ಮಾಡಬೇಕು. ಮಾಡ್ತಾರೆ ಅನ್ನೋದು ನಿಮ್ಮ ಒಳ್ಳೆಯ ಮನಸ್ಸು.

ಹೋಗಲಿ. ಒಂದೇ ಜಿನೋಮಿನ ಬೇರೆ ಬೇರೆ ಜೀನ್‌ಗಳ ನಡುವಿನ ವ್ಯತ್ಯಾಸ ಹೇಳುವುದು ಬೇರೆ, ಒಂದೇ ಜೀನಿನಲ್ಲಿ ಇಬ್ಬರ ನಡುವಿನ ವ್ಯತ್ಯಾಸ ಹೇಳುವುದು ಬೇರೆ. ಎನ್‌ಫಾರ್ಮರ್ ತರಹದ ಮಾಡೆಲ್‌ಗಳು ಎರಡನೆಯದರಲ್ಲಿ ಎಷ್ಟೋ ಜೀನ್‌ಗಳಿಗೆ ಏರುತ್ತೋ ಇಳಿಯುತ್ತೋ ಅನ್ನೋದನ್ನೇ ಉಲ್ಟಾ ಹೇಳಿದವು ಅಂತ 2023ರಲ್ಲಿ ಎರಡು ತಂಡಗಳು ತೋರಿಸಿವೆ. ಕೋಡುಗಾರರ ಪ್ರಶ್ನೆ ಈ ಎರಡನೇ ಜಾತಿಗೇ ಹತ್ತಿರ.

ಕಣ್ಣಪ್ಪ:
+1. ಸಂದರ್ಭದ ಮಾತಿಗೆ ರೆಟಿನಾದಲ್ಲೇ ಸಾಕ್ಷಿ ಇದೆ. ಸಿಆರ್‌ಎಕ್ಸ್ ಅನ್ನೋದು ಬೆಳಕು ಹಿಡಿಯುವ ಕೋಶಗಳ ಮುಖ್ಯ ನಿಯಂತ್ರಕ. ಅದು ನಿಜವಾಗಿ ಕೂರುವ ಪುಟ್ಟ ತುಣುಕುಗಳನ್ನೂ, ಅದೇ ಮೋಟಿಫ್ ಇದ್ದು ಅದು ಕೂರದ ತುಣುಕುಗಳನ್ನೂ ಮೌಸ್ ರೆಟಿನಾಗೆ ಹಾಕಿ 2013ರಲ್ಲಿ ಸಾವಿರಾರು ಲೆಕ್ಕದಲ್ಲಿ ಪರೀಕ್ಷಿಸಿದರು. ಕೂರುವಂಥವೇ ಹೆಚ್ಚು ಕೆಲಸ ಮಾಡಿದವು. ಸುತ್ತಲಿನ ಜಿ ಮತ್ತು ಸಿ ಅಕ್ಷರಗಳ ಪ್ರಮಾಣವೂ ಲೆಕ್ಕಕ್ಕೆ ಬಂತು.

ಹುಳದ ಮೇಷ್ಟ್ರು:
ಮಾಡೆಲ್ ಏನಾದರೂ ಹೇಳಲಿ, ಕೊನೆಗೆ ಕೋಶವನ್ನೇ ಕೇಳಬೇಕು. ಅದಕ್ಕೇ ನಾನು ಹುಳ ಬಿಟ್ಟು ಕದಲಿಲ್ಲ.

ಸಿ. ಎಲಿಗನ್ಸ್ ಹುಳದಲ್ಲಿ ನರಕೋಶ 302, ಪ್ರತಿಯೊಂದಕ್ಕೂ ಹೆಸರಿದೆ. ಉಪ್ಪಿನ ರುಚಿ ಹಿಡಿಯುವುದು ಎಎಸ್‌ಇ ಅನ್ನುವ ಜೋಡಿ, ಎಡಕ್ಕೊಂದು ಬಲಕ್ಕೊಂದು. ಸಿಎಚ್‌ಇ-1 ಅನ್ನುವ ಒಂದೇ ಪ್ರೋಟೀನ್ ಈ ಕೋಶದ ಗುರುತಿನ ಜೀನ್‌ಗಳನ್ನೆಲ್ಲ ನೇರವಾಗಿ ಎಬ್ಬಿಸುತ್ತದೆ. ಆಲಿವರ್ ಹೋಬರ್ಟ್ ಇಂಥವನ್ನು ಟರ್ಮಿನಲ್ ಸೆಲೆಕ್ಟರ್ ಅಂತ ಕರೆದರು. ಅದು ಕೂರುವ ತಾಣ 12 ಅಕ್ಷರದ್ದು. ಲೆಕ್ಕಿಗರ ಲೆಕ್ಕದ ಪ್ರಕಾರ ಅಷ್ಟುದ್ದದ್ದು ಸುಮ್ಮನೆ ಬರುವುದು ಸುಮಾರು 1.7 ಕೋಟಿ ಅಕ್ಷರಕ್ಕೊಮ್ಮೆ, ಹುಳದ ಜಿನೋಮ್ 10 ಕೋಟಿ. ಅದಕ್ಕೇ ಇಲ್ಲಿ ಸಾಲು ಹುಡುಕಿ ಜೀನ್ ಹಿಡಿಯುವ ಕೆಲಸ ಫಲ ಕೊಟ್ಟಿತು.

ಪರೀಕ್ಷೆ ಹೇಗೆ ಅಂದರೆ, ಇನ್ನೊಂದು ಪ್ರಭೇದದ ಹುಳದಿಂದ ಪ್ರೊಮೋಟರ್ ತುಣುಕು ತೆಗೆದು, ಅದರ ಹಿಂದೆ ಹಸಿರು ಹೊಳೆಯುವ ಪ್ರೋಟೀನಿನ ಜೀನ್ ಜೋಡಿಸಿ, ಎಲಿಗನ್ಸ್‌ಗೆ ಚುಚ್ಚುವುದು. ಮರಿಗಳನ್ನು ಅಗರ್ ಮೇಲೆ ಮಲಗಿಸಿ, ಅಲುಗದ ಹಾಗೆ ಮಂಪರು ಬರಿಸಿ ಸೂಕ್ಷ್ಮದರ್ಶಕಕ್ಕೆ ಇಡಿ. ಗಂಟಲ ಗಡ್ಡೆಯ ಪಕ್ಕ ಎರಡೇ ಎರಡು ಹಸಿರು ಚುಕ್ಕೆ, ಅವುಗಳಿಂದ ಮೂತಿಯ ತುದಿಯವರೆಗೆ ಕೂದಲಿಗಿಂತ ತೆಳುವಾದ ಗೆರೆ. ಹುಳ ಹೊರಳಿದರೆ ಒಂದು ಚುಕ್ಕೆ ಇನ್ನೊಂದರ ಹಿಂದೆ ಅಡಗುತ್ತದೆ, ಫೋಕಸ್ ತಿರುಗಿಸಿ ಹುಡುಕಬೇಕು. ಅಷ್ಟು ಕಂಡರೆ ಆ ತುಣುಕು ಕೆಲಸ ಉಳಿಸಿಕೊಂಡಿದೆ. ಬಾಲದ ಕಡೆ ಏನೋ ಹೊಳೆದರೆ ಇಲ್ಲ. ಸಾಲು ಹೋಲಿಕೆಯಲ್ಲಿ ಫೇಲಾದದ್ದು ಇಲ್ಲಿ ಪಾಸಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ಸ್ವಾರಸ್ಯ: ಎಡದ್ದು ಮುಖ್ಯವಾಗಿ ಸೋಡಿಯಂ, ಬಲದ್ದು ಕ್ಲೋರೈಡ್. ಆ ಭೇದ ಹುಟ್ಟಿಸುವಲ್ಲಿ ಎಲ್‌ಎಸ್‌ವೈ-6 ಅನ್ನುವ ಮೈಕ್ರೋಆರ್‌ಎನ್‌ಎ (ಬೇರೆ ಜೀನ್‌ಗಳನ್ನು ತಡೆಯುವ ಚಿಕ್ಕ ಆರ್‌ಎನ್‌ಎ) ಪಾತ್ರ 2003ರಲ್ಲಿ ಗೊತ್ತಾಯಿತು. ಅದು ಎಡಗಡೆ ಮಾತ್ರ ಇರುತ್ತದೆ. ಇಂಥದ್ದು ನಿಮ್ಮ ಅಟ್ಯಾಕ್-ಸೀಕ್ ಸರಾಸರಿಯಲ್ಲಿ ಎಲ್ಲಿ ಕಾಣಬೇಕು?

ಅಡ್ಡಪ್ರಶ್ನೆ:
ಒಂದು ನರಕೋಶಕ್ಕೆ ಒಂದೇ ಗ್ರಾಹಕ ಅಂತ ಮೂಗುದಾರರು ಹೇಳಿದ್ದು ಎಲ್ಲಾ ಪ್ರಾಣಿಗೂ ಅನ್ವಯಿಸಲ್ಲ ಬಿಡಿ. ಈಡಿಸ್ ಸೊಳ್ಳೆಯಲ್ಲಿ ಒಂದೇ ನರಕೋಶ ಹಲವು ಗ್ರಾಹಕ ಇಟ್ಕೊಂಡಿರತ್ತೆ ಅಂತ 2022ರಲ್ಲಿ ಬಂದಿದೆ.

ಮೂಗುದಾರ:
ನಾನು ಹೇಳಿದ್ದು ಮೌಸ್ ಬಗ್ಗೆ. ಹುಳದಲ್ಲೂ ಒಂದೇ ಕೋಶದಲ್ಲಿ ಹತ್ತಾರು ಗ್ರಾಹಕ ಇರುತ್ತವೆ. ಸೊಳ್ಳೆಯದು ಮಾತ್ರ ನಿಜಕ್ಕೂ ಬೆಚ್ಚಿಬೀಳಿಸಿದ ಫಲಿತಾಂಶ, ಒಪ್ಪುತ್ತೇನೆ. ಮನುಷ್ಯರ ವಾಸನೆ ಹಿಡಿಯುವ ದಾರಿ ಮುಚ್ಚಿದರೂ ಅದಕ್ಕೆ ಇನ್ನೊಂದು ದಾರಿ ಇರುತ್ತೆ. ಇಂಥ ಜೊತೆಗೂಡಿಕೆ ಹೇಗೆ ಹುಟ್ಟಿತು ಅನ್ನೋದೇ ನಿಯಂತ್ರಣ ವಿಕಾಸದ ಒಳ್ಳೇ ಪ್ರಶ್ನೆ.

ಅಡ್ಡಪ್ರಶ್ನೆ:
ಇನ್ನೊಂದು ಕೇಳ್ತೀನಿ, ಬೈಬೇಡಿ. ಎಲ್ಲರೂ ನಿಯಂತ್ರಣ ನಿಯಂತ್ರಣ ಅಂತೀರಿ. ಕಿಂಗ್ ಮತ್ತು ವಿಲ್ಸನ್ 1975ರಲ್ಲಿ ಮನುಷ್ಯ-ಚಿಂಪಾಂಜಿ ಬಗ್ಗೆ ಬರೆದಾಗಿನಿಂದ ಇದೇ ಮಂತ್ರ. ಆದರೆ ಹೋಕ್‌ಸ್ಟ್ರಾ ಮತ್ತು ಕಾಯ್ನ್ 2007ರಲ್ಲಿ ಕೇಳಿದ್ದು ಇನ್ನೂ ಹಾಗೇ ಇದೆ: ಹೊಂದಾಣಿಕೆಗೆ ನಿಯಂತ್ರಣ ಬದಲಾವಣೆಯೇ ಕಾರಣ ಅನ್ನೋಕೆ ಗಟ್ಟಿ ಸಾಕ್ಷಿ ಎಷ್ಟಿದೆ? ಇಂದ್ರಿಯಗಳಲ್ಲಿ ಜೀನೇ ಬದಲಾದ ಉದಾಹರಣೆ ಬೇಕಾದಷ್ಟಿವೆ. ಬೆಕ್ಕಿಗೆ ಸಿಹಿ ಗೊತ್ತಾಗಲ್ಲ, ಯಾಕೆಂದರೆ ಸಿಹಿ ಗ್ರಾಹಕದ ಒಂದು ಜೀನೇ ಕೆಟ್ಟಿದೆ. 2005ರ ಪೇಪರ್.

ಕಣ್ಣಪ್ಪ:
ರುಚಿಮೊಗ್ಗಿನ ಕೋಶ ನರಕೋಶ ಅಲ್ಲ, ಅಡ್ಡಪ್ರಶ್ನೆಯವರೇ. ಅಡ್ಡಪ್ರಶ್ನೆ ಕೇಳುವವರಿಗೂ ಒಂದು ಅಡ್ಡಪ್ರಶ್ನೆ ಇರಲಿ ಅಂತ ಹೇಳಿದೆ.

ಅಡ್ಡಪ್ರಶ್ನೆ:
ಕಿವಿಯ ರೋಮಕೋಶವೂ ಅಲ್ಲ, ಆದರೂ ನೀವೆಲ್ಲ ಅದನ್ನು ಇಂದ್ರಿಯ ಅಂತ ಸೇರಿಸಿಕೊಳ್ಳಲ್ವಾ? ವಾದಕ್ಕೆ ಬನ್ನಿ.

ಹುಳದ ಮೇಷ್ಟ್ರು:
ವಾದಕ್ಕೇ ಬರೋಣ. ರಕ್ತ ಹೀರುವ ಬಾವಲಿ ಗೊತ್ತಲ್ಲ? ಅದರ ಮೂಗಿನ ಸುತ್ತಲ ಕುಳಿಗಳಲ್ಲಿ ಪ್ರಾಣಿಯ ಮೈಶಾಖ ತಿಳಿಯುವ ನರಗಳಿವೆ. ಟಿಆರ್‌ಪಿವಿ1 ಅನ್ನುವ ಜೀನ್ ನಮ್ಮಲ್ಲೂ ಇದೆ, ಸುಡುವ ಬಿಸಿಗೆ ಎಚ್ಚರಿಸುತ್ತದೆ. ಬಾವಲಿ ಆ ಮುಖದ ನರಕೋಶಗಳಲ್ಲಿ ಮಾತ್ರ ಅದೇ ಜೀನಿನ ಆರ್‌ಎನ್‌ಎಯನ್ನು ಬೇರೆ ರೀತಿ ಕತ್ತರಿಸಿ ಜೋಡಿಸುತ್ತದೆ. ಬಾಲ ಮೊಟಕಾದ ಪ್ರೋಟೀನ್ ಬರುತ್ತದೆ, ಅದು ಸುಮಾರು 30 ಡಿಗ್ರಿಗೇ ಎಚ್ಚೆತ್ತುಕೊಳ್ಳುತ್ತದೆ. ಮೈಯ ಉಳಿದ ನರಗಳಲ್ಲಿ ಹಳೇ ರೂಪವೇ ಮುಖ್ಯ, ಇಲ್ಲದಿದ್ದರೆ ತನ್ನ ಮೈಬಿಸಿಗೇ ಉರಿ ಅನ್ನಿಸುತ್ತಿತ್ತು. 2011ರಲ್ಲಿ ಬಂದ ಕೆಲಸ. ಒಂದೇ ಜೀನ್ ಎರಡು ಕಡೆ ಎರಡು ಕೆಲಸ ಮಾಡಬೇಕಾದಾಗ ಜೀನನ್ನೇ ಕೆಡಿಸಿದರೆ ಆಗುವುದಿಲ್ಲ, ನಿಯಂತ್ರಣ ಬದಲಾಗಬೇಕು. ಬೆಕ್ಕಿನ ಸಿಹಿ ಗ್ರಾಹಕಕ್ಕೆ ಆ ಕಟ್ಟುಪಾಡು ಇರಲಿಲ್ಲ.

ಸೀಶೆಲ್ಸ್ ದ್ವೀಪಗಳ ಸೆಚೆಲಿಯಾ ನೊಣದಲ್ಲಿ ಎರಡೂ ಆಗಿವೆ. ಅದು ನೋನಿ ಹಣ್ಣಿಗೆ ಅಂಟಿಕೊಂಡ ನೊಣ. ಐಆರ್75ಬಿ ಅನ್ನುವ ಗ್ರಾಹಕದ ಪ್ರೋಟೀನೂ ಬದಲಾಗಿದೆ, ಅದನ್ನು ಹೊತ್ತ ನರಕೋಶಗಳ ಸಂಖ್ಯೆಯೂ ಹೆಚ್ಚಿದೆ. ಇದೋ ಅದೋ ಅಂತ ಪಕ್ಷ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ.

ಮೂಗುದಾರ:
ಕೋಶಗಳ ಸಂಖ್ಯೆ ಅಂದಿರಲ್ಲ ಮೇಷ್ಟ್ರೇ, ಅದೇ ಇಲ್ಲಿ ಎಲ್ಲರೂ ಮರೆಯೋ ವಿಷಯ. ಮೌಸ್ ಮೂಗಿನ ಒಟ್ಟು ಆರ್‌ಎನ್‌ಎಯಲ್ಲಿ ಒಂದು ಗ್ರಾಹಕ ದುಪ್ಪಟ್ಟು ಕಂಡರೆ ಸಾಮಾನ್ಯವಾಗಿ ಪ್ರತಿ ಕೋಶದಲ್ಲಿ ಅದು ದುಪ್ಪಟ್ಟು ಓಡುತ್ತಿದೆ ಅಂತಲ್ಲ, ಅದನ್ನು ಆರಿಸಿಕೊಂಡ ಕೋಶಗಳು ದುಪ್ಪಟ್ಟಿವೆ ಅಂತ. ತಳಿಯಿಂದ ತಳಿಗೆ ಈ ಪ್ರಮಾಣ ಬದಲಾಗುತ್ತೆ, ಅದರ ಬಹುಭಾಗ ಗ್ರಾಹಕದ ಹತ್ತಿರದ ಡಿಎನ್‌ಎ ವ್ಯತ್ಯಾಸದಿಂದಲೇ ಅಂತ 2017ರಲ್ಲಿ ತೋರಿಸಿದ್ದಾರೆ. ಮೂಸುವ ವಾತಾವರಣವೂ ಸ್ವಲ್ಪ ಬದಲಿಸುತ್ತೆ. ಉಳಿದ ಜೀನ್‌ಗಳಿಗೆ ಕಟ್ಟಿದ ಲೆಕ್ಕಾಚಾರವನ್ನು ಹಾಗೇ ತಂದು ಇಲ್ಲಿ ಕೂರಿಸಬೇಡಿ.

ಲೆಕ್ಕಿಗ:
ಅಲ್ಲಿಗೆ ಸಿಸ್-ಟ್ರಾನ್ಸ್ ಪ್ರಶ್ನೆ ಬಂತು. ವ್ಯತ್ಯಾಸ ಜೀನಿನ ಪಕ್ಕದ ಸ್ವಿಚ್ಚಿನದೋ, ಬೇರೆಲ್ಲೋ ಇರುವ ನಿಯಂತ್ರಕ ಪ್ರೋಟೀನಿನದೋ? ಮಿಶ್ರತಳಿಯ ಮರಿಯಲ್ಲಿ ಎರಡೂ ಪ್ರತಿಗಳು ಒಂದೇ ಕೋಶದಲ್ಲಿರುತ್ತವೆ, ನಿಯಂತ್ರಕ ಪ್ರೋಟೀನ್‌ಗಳು ಎರಡಕ್ಕೂ ಸಮಾನ. ಅಲ್ಲೂ ವ್ಯತ್ಯಾಸ ಉಳಿದರೆ ಸಿಸ್, ಅಳಿದರೆ ಟ್ರಾನ್ಸ್. ವಿಟ್‌ಕಾಪ್ ಮತ್ತು ಜೊತೆಗಾರರು 2004ರಲ್ಲಿ ಎರಡು ನೊಣ ಪ್ರಭೇದಗಳ ನಡುವೆ 29 ಜೀನ್ ನೋಡಿದರು, 28ರಲ್ಲಿ ಸಿಸ್ ಪಾಲಿತ್ತು.

ಕೋಡುಗಾರ:
ಮೌಸ್-ರ‍್ಯಾಟ್ ಮಿಶ್ರತಳಿ ಆಗಲ್ಲವಲ್ಲ?

ಲೆಕ್ಕಿಗ:
ಆಗಲ್ಲ. ಮೌಸ್‌ನ ಉಪಪ್ರಭೇದ ಕ್ಯಾಸ್ಟೇನಿಯಸ್ ಜೊತೆ ಮಾಡಬಹುದು, ಡಿಎನ್‌ಎ ಸಾಕಷ್ಟು ಬೇರೆ ಇದೆ. ಗ್ರಾಹಕ ಜೀನ್‌ಗಳಿಗೆ ಮಾತ್ರ ಅರ್ಥ ಬದಲಾಗುತ್ತೆ. ಒಂದು ಕೋಶದಲ್ಲಿ ಒಂದೇ ಪ್ರತಿ ಓಡೋದರಿಂದ ನೀವು ಅಳೆಯೋದು ಎಷ್ಟು ಕೋಶ ಯಾವ ಪ್ರತಿಯನ್ನು ಆರಿಸಿತು ಅನ್ನೋದನ್ನು.

ಮತ್ತೆ ಎರಡೇ ಪ್ರಭೇದ ಇಟ್ಕೊಂಡು ವಿಕಾಸದ ಮಾತಾಡೋದು ನನಗೆ ಇಷ್ಟವಾಗದ ವಿಷಯ. ಎರಡರ ನಡುವೆ ವ್ಯತ್ಯಾಸ ಇದ್ದೇ ಇರುತ್ತೆ. ಯಾವುದು ಹಳೇ ಸ್ಥಿತಿ, ಯಾವುದು ಹೊಸದು ಅಂತ ಎರಡರಿಂದ ಹೇಳೋಕಾಗಲ್ಲ. ಗಾರ್ಲೆಂಡ್ ಮತ್ತು ಆಡಾಲ್ಫ್ 1994ರಲ್ಲೇ ಎರಡು ಪ್ರಭೇದದ ಹೋಲಿಕೆ ಯಾಕೆ ಬೇಡ ಅಂತ ಒಂದು ಇಡೀ ಪೇಪರ್ ಬರೆದರು. ಕನಿಷ್ಠ ಮೂರನೆಯದು, ಆ ಎರಡರ ಕವಲಿನಿಂದ ಹೊರಗಿನದು ಬೇಕು. ಆ ಮೇಲೂ 'ಬೇಗ ಬದಲಾಯಿತು' ಅನ್ನೋದಕ್ಕೆ ಎರಡು ಅರ್ಥ. ನೆಲದೊಳಗೆ ಬದುಕೋ ಸಸ್ತನಿಗಳಲ್ಲಿ ಕಣ್ಣಿಗೆ ಸಂಬಂಧಿಸಿದ ನಿಯಂತ್ರಣ ಭಾಗಗಳು ಬೇಗ ಬದಲಾಗಿವೆ ಅಂತ 2017ರಲ್ಲಿ ಬಂತು. ಅದು ಹೊಸ ಕೆಲಸಕ್ಕೆ ಆಯ್ಕೆಯಾಗಿ ಆದದ್ದಲ್ಲ, ಕೇಳುವವರಿಲ್ಲದೆ ಸವೆದದ್ದು ಅಂತ ನೋಡೋದೇ ಹೆಚ್ಚು ಸಹಜ. ನಿಮ್ಮದು ಯಾವುದು?

ಡೀಪ್‌ದಾಸ:
ಬೆಟ್ಟ ಅಗೆದು ಇಲಿ ಹಿಡಿಯೋದು ಅಂದ್ರೆ ಇದೇ. ಅದೂ ಎರಡು ಇಲಿ.

ಪೈಪ್‌ಲೈನ್‌ಪ್ರಿಯ:
😂😂

ಕೋಡುಗಾರ:
ಎಲ್ಲರಿಗೂ ಧನ್ಯವಾದ. ನೀವು ಹೇಳಿದ ಹಾಗೆ ಪೀಕ್‌ಗಳನ್ನು ಮೂರು ಪಾಲು ಮಾಡಿದೆ: ಪ್ರೊಮೋಟರ್‌ಗಳು, ಗ್ರಾಹಕ ಜೀನ್ ಗೊಂಚಲುಗಳ ಒಳಗಿನವು, ಉಳಿದ ದೂರದವು.

ಪ್ರೊಮೋಟರ್‌ಗಳು ಹೆಚ್ಚಾಗಿ ಎರಡರಲ್ಲೂ ತೆರೆದೇ ಇವೆ. ಗೊಂಚಲಿನೊಳಗಿನವನ್ನು ಲಿಫ್ಟ್‌ಓವರ್‌ನಲ್ಲಿ ಎಣಿಸುವುದನ್ನೇ ಬಿಟ್ಟೆ. ದೂರದವುಗಳಿಗೆ ಅಕ್ಷರಕ್ಕೆ ಅಕ್ಷರ ಹೊಂದಿಸದೆ, ಅಕ್ಕಪಕ್ಕದ ಎರಡು ಜೀನ್‌ಗಳನ್ನು ಗಡಿ ಮಾಡಿಕೊಂಡು, ಅದೇ ಎರಡು ಜೀನ್ ನಡುವೆ ರ‍್ಯಾಟ್‌ನಲ್ಲಿ ಬೇರೆ ಪೀಕ್ ಇದೆಯೇ, ಅದರಲ್ಲಿ ಎಲ್‌ಎಚ್‌ಎಕ್ಸ್2 ಮತ್ತು ಇಬಿಎಫ್ ತಾಣಗಳಿವೆಯೇ ಅಂತ ನೋಡಿದೆ. 'ಕಳೆದುಹೋದವು' ಅಂದುಕೊಂಡಿದ್ದವುಗಳಲ್ಲಿ ಎಷ್ಟೋ ಕಡೆ ಪಕ್ಕದಲ್ಲೇ ಹೊಸದೊಂದು ಕೂತಿದೆ. ಗೈಡ್‌ಗೆ ತೋರಿಸಿದೆ. ಶೀರ್ಷಿಕೆಯಿಂದ 'ಕ್ಷಿಪ್ರ' ತೆಗೆಯಲು ಒಪ್ಪಿದ್ದಾರೆ, 'ವಿಕಾಸ' ಇನ್ನೂ ಬಿಟ್ಟುಕೊಟ್ಟಿಲ್ಲ.

ಹುಳದ ಮೇಷ್ಟ್ರು:
ಒಳ್ಳೆಯ ಕೆಲಸ. 20 ಸಸ್ತನಿಗಳ ಯಕೃತ್ತಿನಲ್ಲಿ 2015ರಲ್ಲಿ ಕಂಡದ್ದೂ ಇದೇ: ಪ್ರೊಮೋಟರ್ ನಿಲ್ಲುತ್ತದೆ, ದೂರದ ಎನ್‌ಹ್ಯಾನ್ಸರ್ ಬೇಗ ಬದಲಾಗುತ್ತದೆ. ಆದರೆ ಎಚ್ಚರ: ಗಡಿ ಜೀನ್‌ಗಳ ನಡುವಿನ ಅಂತರ ದೊಡ್ಡದಿದ್ದಷ್ಟೂ ಅಲ್ಲಿ ಯಾವುದೋ ಒಂದು ಪೀಕ್ ಸುಮ್ಮನೆ ಸಿಗುವ ಸಂಭವ ಹೆಚ್ಚು. ಪೀಕ್‌ಗಳನ್ನು ಅದೇ ಅಂತರಗಳೊಳಗೆ ಕಲಸಿ ಮತ್ತೆ ಎಣಿಸಿ, ಸುಮ್ಮನೆ ಎಷ್ಟು ಸಿಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ.

ಲೆಕ್ಕಿಗ:
ಕಲಸುವಾಗ ಜಿ-ಸಿ ಪ್ರಮಾಣ ಸಮ ಇರೋ ಜಾಗಗಳಿಗೇ ಕಲಸಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇಲ್ಲ. ಮೂರನೇ ಪ್ರಭೇದಕ್ಕೆ ಸಿರಿಯನ್ ಹ್ಯಾಮ್‌ಸ್ಟರ್ ಅಥವಾ ಪೆರೊಮಿಸ್ಕಸ್ ಕುಲದ ಇಲಿ ನೋಡಿ. ಎರಡೂ ಮೌಸ್-ರ‍್ಯಾಟ್ ಕವಲಿನ ಹೊರಗಿವೆ, ಆದರೆ ತೀರಾ ದೂರವಿಲ್ಲ.

ಪೈಪ್‌ಲೈನ್‌ಪ್ರಿಯ:
ರ‍್ಯಾಟ್ ಜಿನೋಮ್ ಯಾವ ಆವೃತ್ತಿ? ಆರ್‌ಎನ್6 ಆಗಿದ್ದರೆ ಬಿಡಿ, 2020ರಲ್ಲಿ ಬಂದ ಆರ್‌ಎನ್7ಗೆ ಹೋಗಿ. ಒಂದರ ಹಾಗೇ ಇನ್ನೊಂದಿರುವ ನಕಲು ಜೀನ್‌ಗಳನ್ನು ಹಳೇ ಆವೃತ್ತಿಗಳು ಒಂದರ ಮೇಲೊಂದು ಮಡಚಿಟ್ಟಿರ್ತವೆ. ಒಂದಕ್ಕಿಂತ ಹೆಚ್ಚು ಕಡೆ ಕೂರುವ ರೀಡ್‌ಗಳನ್ನು (ಯಂತ್ರ ಓದಿದ ತುಣುಕುಗಳನ್ನು) ಎಸೆದಿದ್ದೀರಾ ಅಂತಲೂ ನೋಡಿ. ಆಮೇಲೆ ಸಿಂಗಲ್-ಸೆಲ್ (ಒಂದೊಂದೇ ಕೋಶದ ಆರ್‌ಎನ್‌ಎ ಓದೋದು) ಮಾಡೋದಾದರೆ ಇನ್ನೊಂದು: ಆ ವಿಧಾನಗಳು ಹೆಚ್ಚಾಗಿ ಆರ್‌ಎನ್‌ಎಯ ಬಾಲದ ತುದಿ ಮಾತ್ರ ಓದ್ತವೆ. ಎಷ್ಟೋ ಗ್ರಾಹಕ ಜೀನ್‌ಗಳ ಬಾಲ ಎಲ್ಲಿಗೆ ಮುಗಿಯುತ್ತೆ ಅನ್ನೋದೇ ಜೀನ್ ಪಟ್ಟಿಯಲ್ಲಿ ಸರಿಯಾಗಿ ಇರಲಿಲ್ಲ. 2014ರಲ್ಲಿ ಮೌಸ್‌ಗೆ ಸರಿಪಡಿಸಿದರು. ರ‍್ಯಾಟ್ ಪಟ್ಟಿಯನ್ನು ನೀವೇ ನಿಮ್ಮ ರೀಡ್ ಇಟ್ಟು ಪರೀಕ್ಷಿಸಬೇಕು. ಇಲ್ಲದಿದ್ದರೆ ಓಡುತ್ತಿರೋ ಜೀನ್ ಸೊನ್ನೆ ಅಂತ ಬರತ್ತೆ, ನೀವು ಅದನ್ನೂ ವಿಕಾಸ ಅಂತ ಬರೀತೀರಿ.

ಕೋಡುಗಾರ:
ಆರ್‌ಎನ್7ನಲ್ಲೇ ಇದೆ. ಬಹುಕಡೆ ಕೂರುವ ರೀಡ್ ಎಸೆದಿರುವುದು ನಿಜ, ಗೊಂಚಲುಗಳಿಗೆ ಮಾತ್ರ ಅದನ್ನು ಬೇರೆ ರೀತಿ ಮಾಡಿ ನೋಡುತ್ತೇನೆ.

ಮೂಗುದಾರ:
ಎರಡೂ ಪ್ರಾಣಿಯ ಮೂಗಿನ ಒಂದೇ ಭಾಗ ತೆಗೆದಿದ್ದಾರಾ? ಮೂಗಿನ ಒಳಪದರದ ಮೇಲುಭಾಗದ ಕೋಶಗಳು ಆರಿಸುವ ಗ್ರಾಹಕಗಳೇ ಬೇರೆ, ಕೆಳಭಾಗದವು ಆರಿಸುವುದೇ ಬೇರೆ. ಒಂದರಲ್ಲಿ ಮೇಲಿನದು ಜಾಸ್ತಿ ಬಂದಿದ್ದರೆ ನೀವು ಹೋಲಿಸುತ್ತಿರುವುದು ಕತ್ತರಿಯನ್ನು.

ಕೋಡುಗಾರ:
ವಯಸ್ಸು ಒಂದೇ ಅಂತ ಗೊತ್ತು. ಯಾವ ಭಾಗ ಅನ್ನೋದನ್ನು ತೆಗೆದವರನ್ನೇ ಕೇಳಬೇಕು, ಅವರು ಈಗ ಲ್ಯಾಬ್ ಬಿಟ್ಟಿದ್ದಾರೆ.

ಮೂಗುದಾರ:
ಅವರನ್ನು ಹುಡುಕಬೇಕಿಲ್ಲ. ನಿಮ್ಮ ಆರ್‌ಎನ್‌ಎ ಡೇಟಾದಲ್ಲೇ ಇದೆ. ಎನ್‌ಕ್ಯೂಒ1 ಮೇಲುಭಾಗದ ನರಕೋಶಗಳ ಗುರುತು, ಎನ್‌ಕ್ಯಾಮ್2 ಕೆಳಭಾಗದ್ದು. ಪ್ರತಿ ಸ್ಯಾಂಪಲ್‌ನಲ್ಲಿ ಎರಡರ ಅನುಪಾತ ತೆಗೆದು ಇಲ್ಲಿ ಹಾಕಿ. ಮೌಸ್ ಸ್ಯಾಂಪಲ್‌ಗಳ ನಡುವೆಯೇ ಅದು ಕುಣಿಯುತ್ತಿದ್ದರೆ ರ‍್ಯಾಟ್ ಮಾತು ಆಮೇಲೆ ಆಡೋಣ.